ಅಂಗಳದಲ್ಲಿ ನಿಂತ ಬಾವುಟ

ಬಾವುಟ ಮಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಹೋಬಳಿಯಲ್ಲಿ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಶನಿವಾರಸಂತೆಯ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಆಗಸ್ಟ್ ಬಂತೆಂದರೆ ಕಂಬ, ಹಗ್ಗ, ಹೂವಿನ ಎಸಳು ಎಲ್ಲವನ್ನೂ ನನ್ನ ತಲೆಗೇ ಕಟ್ಟುತ್ತಾರೆ. ಏರಿಸುವ ಬಾವುಟ ಬಿಚ್ಚಿಕೊಳ್ಳಲೆಂದೇ ಮಡಿಸುವಂಥದ್ದು. ಗಂಟು ಬಿಗಿಯಾದರೆ ಮುಖ್ಯ ಅತಿಥಿಗಳು ಹಗ್ಗ ಜಗ್ಗಿ ಜಗ್ಗಿ ಬೆವರುತ್ತಾರೆ. ಸಡಿಲವಾದರೆ ಅರ್ಧ ದಾರಿಯಲ್ಲೇ ಬಿಚ್ಚಿಕೊಂಡು ಎಸಳೆಲ್ಲ ಹೆಡ್‌ಮಾಸ್ಟರ ಬೋಳುತಲೆಯ ಮೇಲೆ ಬೀಳುತ್ತದೆ. ನನ್ನ ಕೈಯಲ್ಲಿ ಎರಡೂ ಆಗಿಲ್ಲ.

ಸಂಜೆ ಇಳಿಸಿದ ಮೇಲೆ ಮಡಿಸುವ ಕ್ರಮ ಬೇರೆ. ಅದನ್ನು ಮಕ್ಕಳಿಂದಲೇ ಮಾಡಿಸುತ್ತೇನೆ. ನೆಲಕ್ಕೆ ತಾಗದ ಹಾಗೆ ಅಡ್ಡಲಾಗಿ ಹಿಡಿಯಬೇಕು. ಕೇಸರಿ ಪಟ್ಟಿ ಮತ್ತು ಹಸಿರು ಪಟ್ಟಿ ಎರಡೂ ಬಿಳಿಯ ಅಡಿಗೆ ಹೋಗಬೇಕು. ಆಮೇಲೆ ಬಿಳಿಯನ್ನು ಎರಡೂ ಕಡೆಯಿಂದ ಒಳಕ್ಕೆ ತಂದರೆ ಕೊನೆಗೆ ಮೇಲೆ ಉಳಿಯುವುದು ಚಕ್ರ, ಅದರ ಪಕ್ಕದಲ್ಲಿ ಇಷ್ಟೇ ಇಷ್ಟು ಕೇಸರಿ, ಇಷ್ಟೇ ಇಷ್ಟು ಹಸಿರು. ಎರಡು ಅಂಗೈಗಳ ಮೇಲೆ ಇಟ್ಟುಕೊಂಡು ಹೋಗಬೇಕು, ಕಂಕುಳಲ್ಲಿ ಇರುಕಿಕೊಂಡು ಅಲ್ಲ. ಯಾರಾದರೂ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದರೆ, ದುಪಟಿ ಕೊಡವಿದ ಹಾಗೆ ಕೊಡವಿದರೆ, ನನಗೆ ಪಿತ್ತ ನೆತ್ತಿಗೇರುತ್ತದೆ. ಮಡಿಸಿದಾಗ ಯಾವ ಬಣ್ಣವೂ ಪೂರ್ತಿ ಮುಚ್ಚಿಹೋಗಬಾರದು, ಅದೇ ಇದರ ಅರ್ಥ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಮಿಠಾಯಿ ಕಡೆ ನೋಡುತ್ತಾ ತಲೆಯಾಡಿಸುತ್ತಾರೆ.

ಇಷ್ಟೆಲ್ಲ ತಿಳಿದಿದ್ದೂ, ಬಾವುಟ ಒಂದು ಮನೆಗೆ ಬಂದರೆ ಆ ಮನೆಯವರು ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎನ್ನುವುದನ್ನು ನಾನು ಯೋಚಿಸಿರಲಿಲ್ಲ. ಅದು ನಮ್ಮ ಮನೆಗೇ ಬಂತು.

ನನ್ನ ಮೈದುನ, ಎಂದರೆ ನನ್ನ ಗಂಡನ ತಮ್ಮ, ಸೈನ್ಯದಲ್ಲಿದ್ದ. ಹಿಮದ ನಾಡಿನ ಯಾವುದೋ ಎತ್ತರದ ಠಾಣೆಯಲ್ಲಿ, ಯುದ್ಧವಿಲ್ಲದ ದಿನ, ಉಸಿರು ಸಿಕ್ಕದೆ ಹೋಗಿಬಿಟ್ಟ. ಫೋನು ನನ್ನ ಗಂಡನಿಗೆ ಬಂತು. ಮಾತು ಮುಗಿದ ಮೇಲೂ ಅವರು ಫೋನನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದರು. ಆಗ ಕಾಫಿ ಕುಯಿಲಿನ ಕಾಲ. ತೋಟದಲ್ಲಿ ಪಿಕ್ಕಿಂಗ್ ನಡೆಯುತ್ತಿತ್ತು, ಅಂಗಳದ ತುಂಬ ಹಣ್ಣು ಒಣಗಲು ಹರಡಿತ್ತು. ಮನೆಯಲ್ಲಿ ಇದ್ದದ್ದು ನಾವಿಬ್ಬರು, ನನ್ನ ಅತ್ತೆ, ಮೈದುನನ ಹೆಂಡತಿ, ಅವರ ಮಗಳು. ಮಗು ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ಮೈದುನನ ಹೆಂಡತಿ ನನಗೆ ಓರಗಿತ್ತಿಯಾದರೂ ಅಕ್ಕ ಎಂದು ಕರೆಯುತ್ತಾಳೆ, ನಾನೂ ತಂಗಿ ಎಂದೇ ತಿಳಿದಿದ್ದೇನೆ. ಆ ಸುದ್ದಿ ಕೇಳಿ ಅವಳು ಅಳಲಿಲ್ಲ. ಒಳಗೆ ಹೋಗಿ ಅವನ ಶರ್ಟುಗಳನ್ನೆಲ್ಲ ಬೀರುವಿನಿಂದ ತೆಗೆದು ಮತ್ತೆ ಅಲ್ಲೇ ಜೋಡಿಸಿಟ್ಟಳು.

ಅವನನ್ನು ಕರೆತಂದ ಸೈನ್ಯದ ಲಾರಿ ಕುಶಾಲನಗರದ ಕಡೆಯಿಂದ ಬಂತು. ಹಿಂದೆ ಬೈಕುಗಳು, ಬೈಕಿಗೊಂದು ಪ್ಲಾಸ್ಟಿಕ್ ಬಾವುಟ, ಕೈಗೊಂದು ಮೊಬೈಲು. ಘೋಷಣೆ ಕೂಗುವವರು ಬಾವುಟವನ್ನು ತಲೆಕೆಳಗಾಗಿ ಹಿಡಿದಿದ್ದರು. ಅಂಥ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ನನ್ನ ಮೇಲೇ ಬೇಸರವಾಯಿತು, ಆದರೂ ಹೋಗಿ ಒಬ್ಬನ ಕೈಯಲ್ಲಿದ್ದದ್ದನ್ನು ನೆಟ್ಟಗೆ ಮಾಡಿ ಬಂದೆ. ಅಭ್ಯಾಸಬಲ.

ನಮ್ಮ ಕಡೆ ಒಂದು ಪದ್ಧತಿಯಿದೆ. ಹೊರಗೆ ಸತ್ತವರ ದೇಹವನ್ನು ಹೊಸಿಲು ದಾಟಿಸುವುದಿಲ್ಲ. ಹಾಗಾಗಿ ಕಾಫಿಯನ್ನು ಒಂದು ಬದಿಗೆ ಎಳೆದು, ನಮ್ಮ ಶಾಲೆಯಿಂದ ತಂದ ಬೆಂಚುಗಳನ್ನು ಅಂಗಳದಲ್ಲಿ ಜೋಡಿಸಿ, ಅದರ ಮೇಲೆ ಪೆಟ್ಟಿಗೆಯನ್ನು ಇಳಿಸಿದರು. ಪೆಟ್ಟಿಗೆಯ ಮೇಲೆ ಬಾವುಟ, ಕೇಸರಿ ತಲೆಯ ಕಡೆಗೆ. ರಜೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆ ತನಕ ನುಗ್ಗುತ್ತಿದ್ದವನು ಆ ದಿನ ಅಂಗಳದಲ್ಲೇ ಉಳಿದ. ತಂಗಿ ಹೊಸಿಲನ್ನೂ ಪೆಟ್ಟಿಗೆಯನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ನನಗೆ ಅವಳೇನು ಲೆಕ್ಕ ಹಾಕುತ್ತಿದ್ದಾಳೆಂದು ಗೊತ್ತಾಗಿತ್ತು. ನಾಲ್ಕು ಮಾರು ದೂರ, ಅಷ್ಟೇ.

ಆಗ ಸೋದರಮಾವ ಬಂದರು. ಅತ್ತೆಯ ಅಣ್ಣ ಅವರು, ಹಾಸನದ ಗಡಿಯಾಚೆಯ ಊರಿನವರು. ಸತ್ತವರಿಗೆ ತಾಯಿಯ ತವರಿನಿಂದ ಹೊಸ ಬಟ್ಟೆ ಹೊದಿಸಬೇಕು. ಅದು ಅವರ ಹಕ್ಕು, ಅದಿಲ್ಲದೆ ಹೆಣ ಎತ್ತುವ ಹಾಗಿಲ್ಲ. ಒಂದರ ಮೇಲೊಂದು ನೆಂಟರ ಬಟ್ಟೆ ಬೀಳುವುದು, ಹೊಸದು ಹಳೆಯದರ ಮೇಲೆ ಬರುವುದು, ಇದೆಲ್ಲ ನಮಗೆ ಹೊಸತಲ್ಲ. ಮಾವ ಕಂಕುಳಿಂದ ಬಿಳಿ ಪಂಚೆ ತೆಗೆದು, ಮಡಿಕೆ ಬಿಚ್ಚಿ, ಇನ್ಯಾವುದೋ ನೆಂಟರು ಹೊದಿಸಿದ ಬಟ್ಟೆ ಎಂಬಂತೆ ಬಾವುಟದ ಮೇಲೆಯೇ ಹೊದಿಸಿಬಿಟ್ಟರು. ಕೇಸರಿಯೂ ಇಲ್ಲ, ಚಕ್ರವೂ ಇಲ್ಲ, ಎಲ್ಲ ಪಂಚೆಯೊಳಗೆ.

ಕಾವಲಿಗೆ ನಿಂತಿದ್ದ ಜವಾನರು ಅಲುಗಲಿಲ್ಲ. ಅವರ ಜೊತೆ ಬಂದಿದ್ದ ಸುಬೇದಾರರು ಕೊಡಗಿನ ತೆಂಕಣ ಭಾಗದವರು, ನೆರೆಮೀಸೆಯ ಮನುಷ್ಯ. ಅವರು ಗದರಿಯಾರು ಎಂದು ನಾನು ಕಾದೆ. ಅವರು ಹತ್ತಿರ ಬಂದು ಮಾವನ ಮುಂದೆ ತಲೆ ತುಸು ತಗ್ಗಿಸಿದರು.

"ಯಾರು ತಂದ ಬಟ್ಟೆ ಇದು?" ಎಂದು ಕೇಳಿದರು.

"ನಾನು ಸ್ವಾಮಿ. ಸೋದರಮಾವ ನಾನು. ನನ್ನ ಬಟ್ಟೆ ಬೀಳ್ದೆ ಅವ್ನು ಹೆಂಗೆ ಹೋಯ್ತಾನೆ?"

"ನಮ್ಮಲ್ಲೂ ಉಂಟು ಹಾಗೆ. ಆದ್ರೆ ಬಾವುಟದ ಮೇಲೆ ಏನೂ ಬರ್ಲಿಕ್ಕಿಲ್ಲ. ಮಣ್ಣು ಮಾಡೋ ಜಾಗದಲ್ಲಿ ಬಾವುಟ ತೆಗ್ದ ಮೇಲೆ ಪೆಟ್ಟಿಗೆ ತೆರೀತೇವೆ. ಆಗ ಮೊದಲು ನಿಮ್ಮನ್ನೇ ಕರೀತೇನೆ. ಮೈಮೇಲೇ ಹೊದಿಸಿ."

ಅವಮಾನವಾದರೆ ಎದ್ದು ಹೋಗುವ ಜಾಯಮಾನ ಮಾವನದು. ನಮ್ಮ ಮದುವೆಯಲ್ಲೇ ಪಾಯಸ ತಡವಾಯಿತೆಂದು ಬಸ್‌ಸ್ಟ್ಯಾಂಡ್ ತನಕ ಹೋಗಿ ಕೂತಿದ್ದವರು. ಆ ದಿನ ಮಾತ್ರ ಪಂಚೆಯನ್ನು ತಾವೇ ಎತ್ತಿ ಎದೆಗೆ ಹಿಡಿದುಕೊಂಡು, ತೋಟದ ತನಕ ಪೆಟ್ಟಿಗೆಯ ಪಕ್ಕದಲ್ಲೇ ನಡೆದರು.

ನಮ್ಮ ಹಿರಿಯರನ್ನೆಲ್ಲ ಮಣ್ಣು ಮಾಡುವುದು ತೋಟದ ಅಂಚಿನಲ್ಲಿ. ಅಲ್ಲಿಗೆ ಹೆಂಗಸರೂ ಹೋಗುತ್ತೇವೆ, ಹೆತ್ತ ತಾಯಿ ಮಾತ್ರ ಹೋಗಬಾರದು. ಅತ್ತೆ ಪೆಟ್ಟಿಗೆ ಎತ್ತುವ ಮೊದಲು, ಮುಖದ ಕಡೆ ಬಾವುಟ ಮುಚ್ಚದೆ ಬಿಟ್ಟಿದ್ದ ಗಾಜಿನ ಮೇಲೆ ಒಮ್ಮೆ ಅಂಗೈ ಇಟ್ಟು, ಒರೆಸಿದ ಹಾಗೆ ಮಾಡಿ, ಒಳಗೆ ಹೋದರು.

ತೋಟದಲ್ಲಿ ಜವಾನರು ಬಾವುಟ ಮಡಿಸಿದ್ದನ್ನು ನಾನು ಹೇಗೆ ಹೇಳಲಿ? ಗುಂಡು ಹಾರಿಸಿದ್ದಾಯಿತು, ಕಹಳೆ ಊದಿದ್ದಾಯಿತು, ಸಿಲ್ವರ್ ಓಕ್ ಮರಗಳಿಂದ ಹಕ್ಕಿಗಳೆಲ್ಲ ಎದ್ದು ಹೋದವು. ಆಮೇಲೆ ಪೆಟ್ಟಿಗೆಯ ಎರಡೂ ಬದಿಗೆ ನಿಂತವರು ಬಾವುಟದ ಅಂಚನ್ನು ಹಿಡಿದು ಮೇಲಕ್ಕೆತ್ತಿದರು. ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಬಟ್ಟೆ ಜೋಲಲಿಲ್ಲ, ಗಾಳಿಗೆ ಪಟಪಟಿಸಲೂ ಇಲ್ಲ. ಕೇಸರಿ ಅಡಿಗೆ ಹೋಯಿತು, ಹಸಿರು ಅಡಿಗೆ ಹೋಯಿತು, ಬಿಳಿ ಎರಡೂ ಕಡೆಯಿಂದ ಹತ್ತಿರ ಬಂತು. ನಾನು ವರ್ಷಾನುಗಟ್ಟಲೆ ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿದ್ದು ಅದೇ, ಕ್ರಮವೂ ಅದೇ. ಆದರೆ ಅಲ್ಲಿ ಅವರು ಬಟ್ಟೆ ಮಡಿಸುತ್ತಿರುವ ಹಾಗೆ ಕಾಣಲಿಲ್ಲ. ಮಲಗಿದ ಮಗುವನ್ನು ಎಚ್ಚರವಾಗದ ಹಾಗೆ ಎತ್ತಿ ಇನ್ನೊಬ್ಬರ ಕೈಗೆ ಕೊಡುವಾಗ ನಾವು ಉಸಿರು ಹಿಡಿಯುತ್ತೇವಲ್ಲ, ಅಷ್ಟು ಎಚ್ಚರ ಆ ಕೈಗಳಲ್ಲಿತ್ತು. ಶಾಲೆಯಲ್ಲಿ ಮಡಿಸಿದ್ದು ಮತ್ತೆ ಜನವರಿಗೆ ಬಿಚ್ಚಿಕೊಳ್ಳುತ್ತದೆ. ಇದನ್ನು ಇನ್ನು ಯಾರೂ ಬಿಚ್ಚುವುದಿಲ್ಲ ಎಂದು ಹೊಳೆದಾಗ ನನಗೆ ಅಳು ಬಂತು.

ಪೆಟ್ಟಿಗೆ ತೆರೆದು ಸುಬೇದಾರರು ಮಾವನನ್ನು ಕರೆದರು, ಕೊಟ್ಟ ಮಾತಿನಂತೆ ಮೊದಲು ಅವರನ್ನೇ. ಪಂಚೆ ಹೊದಿಸಿ ಮಾವ ಅವನ ಗಲ್ಲ ಮುಟ್ಟಿದರು. ಆಮೇಲೆ ಸುಬೇದಾರರು ಬಾವುಟವನ್ನು ಎರಡೂ ಅಂಗೈಗಳ ಮೇಲೆ ಹಿಡಿದು ತಂಗಿಯ ಮುಂದೆ ಬಂದು ನಿಂತರು. ಅವಳು ಕೈ ಚಾಚಿದಳು.

"ನೆಲಕ್ಕೆ ತಾಗಬಾರದು ತಂಗಿ. ನೀರಿಗೆ ಅದ್ದೋದೂ ಬೇಡ" ಎಂದರು.

"ಮನೆಗೆ ತಗೊಂಡು ಹೋಗ್ಬೋದಾ?"

"ನಿಮ್ಮದೇ ಅದು. ಮನೆಗೇ ಹೋಗ್ಬೇಕು."

ಅವಳು ಅದನ್ನು ಹೊತ್ತುಕೊಂಡು ತೋಟದ ದಾರಿಯಲ್ಲಿ ಬಂದ ನಡಿಗೆಯನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಕಾಫಿ ಗಿಡದ ರೆಕ್ಕೆಗಳು, ಎಂದರೆ ಅಡ್ಡಕೊಂಬೆಗಳು, ದಾರಿಗೆ ಅಡ್ಡ ಚಾಚಿರುತ್ತವೆ; ಅವು ಬಾವುಟಕ್ಕೆ ತಾಗದ ಹಾಗೆ ಅವಳು ಭುಜ ತಿರುಗಿಸಿ ತಿರುಗಿಸಿ ನಡೆದಳು. ಮುಖದಲ್ಲಿ ಸಣ್ಣದೊಂದು ಗೆಲುವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ಇತ್ತು.

ಸೈನ್ಯದವರು ದಾರಿಯಿಂದಲೇ ಹೊರಟುಹೋದರು. ನಾವು ಅಂಗಳಕ್ಕೆ ಬರುವ ಹೊತ್ತಿಗೆ ಮನೆಯೆಲ್ಲ ತೊಳೆದಾಗಿತ್ತು. ಅತ್ತೆ ಸ್ನಾನ ಮಾಡಿ, ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ದೀಪ ಹಚ್ಚಿ, ಹೊಸಿಲಲ್ಲಿ ನಿಂತಿದ್ದರು. ಮಣ್ಣಿಗೆ ಹೋದವರು ಸ್ನಾನವಾಗದೆ ಒಳಗೆ ಕಾಲಿಡುವ ಹಾಗಿಲ್ಲ. ಹಿತ್ತಿಲ ಬಚ್ಚಲಲ್ಲಿ ಹಂಡೆ ತುಂಬ ನೀರು ಕಾದಿತ್ತು. ಅತ್ತೆಯ ಕಣ್ಣು ಮೊದಲು ಬಿದ್ದದ್ದು ತಂಗಿಯ ಕೈಗಳ ಮೇಲೆ.

"ಅದ್ಯಾಕವ್ವ ತಂದೆ? ಅವ್ನ ಮೇಲಿದ್ದ ಬಟ್ಟೆ ಅದು."

"ಕೊಟ್ರು ಅತ್ತೆ. ಮನೇಲಿ ಇಟ್ಕಳಿ ಅಂದ್ರು."

"ಅವ್ರಿಗೇನ್ ಗೊತ್ತು. ಹೆಣದ ಬಟ್ಟೆ ಹೊಸ್ಲು ದಾಟ್ಬಾರ್ದು. ದಾಟ್ತು ಅಂದ್ರೆ ಇನ್ನೊಬ್ರನ್ನ ಕರೀತದೆ."

ಅತ್ತೆಯನ್ನು ಕಲ್ಲುಮನಸ್ಸಿನವರು ಎಂದುಕೊಳ್ಳಬೇಡಿ. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ಮನೆಯ ಅಜ್ಜ ತೀರಿಕೊಂಡಾಗ, ಮೈಮೇಲಿದ್ದ ಟವೆಲೊಂದು ಹೇಗೋ ಬಟ್ಟೆಗಳ ಜೊತೆ ವಾಪಸ್ ಬಂದಿತ್ತಂತೆ. ಆ ಮಳೆಗಾಲದಲ್ಲೇ ಅವರ ಮೊದಲ ಕೂಸು ಜ್ವರದಿಂದ ಹೋಯಿತು. ನಾನು ಓದಿದವಳು, ಟವೆಲಿಗೂ ಜ್ವರಕ್ಕೂ ಏನು ಸಂಬಂಧ ಎಂದು ಕೇಳಬಲ್ಲೆ. ಕೂಸನ್ನು ಕಳೆದುಕೊಂಡವಳು ನಾನಲ್ಲವಲ್ಲ. ಈಗ ಒಳಗೆ ಇನ್ನೊಂದು ಮಗು ಮಲಗಿತ್ತು. ಅತ್ತೆ ಅದಕ್ಕೇ ಹೊಸಿಲಿಗೆ ಅಡ್ಡ ನಿಂತಿದ್ದರು.

ತಂಗಿ ಅತ್ತ ಒಳಗೆ ಹೋಗುವಂತಿಲ್ಲ, ಇತ್ತ ಬಚ್ಚಲಿಗೂ ಹೋಗುವಂತಿಲ್ಲ. ಬಾವುಟ ಹಿಡಿದುಕೊಂಡು ನೀರು ಹುಯ್ದುಕೊಳ್ಳುವುದು ಹೇಗೆ? ಕೆಳಗಿಟ್ಟರೆ ನೆಲ. ನನ್ನ ಕೈಗೆ ಕೊಟ್ಟರೆ ನಾನೂ ಮಣ್ಣಿಗೆ ಹೋಗಿ ಬಂದವಳೇ, ನಾನು ಸ್ನಾನ ಮಾಡಿದರೂ ಅದು ಒಳಗೆ ಹೋಗುವುದಿಲ್ಲ.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಜೀಪಿನ ಸೀಟ್ ಮೇಲೆ ಇಡೋಣ. ಹನ್ನೊಂದರ ಕಾರ್ಯ ಆದ್ಮೇಲೆ ನೋಡಾನ" ಎಂದರು. ನಾನು ಅವರನ್ನು ಒಮ್ಮೆ ನೋಡಿದೆ. ನನ್ನ ಆ ನೋಟ ಅವರಿಗೆ ಚೆನ್ನಾಗಿ ಪರಿಚಯ, ಸುಮ್ಮನಾದರು. ಗೊಬ್ಬರದ ಚೀಲ ತರುವ ಜೀಪು ಅದು. ಮಾವ ತುಳಸಿಕಟ್ಟೆ ಎಂದರು, ಇನ್ಯಾರೋ ದೇವಸ್ಥಾನಕ್ಕೆ ಕೊಟ್ಟುಬಿಡಿ ಎಂದರು.

"ಎಲ್ಲೂ ಇಡಲ್ಲ" ಎಂದಳು ತಂಗಿ. ದನಿ ಏರಲಿಲ್ಲ. "ಅವ್ರನ್ನೂ ಅಂಗಳದಿಂದಲೇ ಕಳಿಸಿದ್ವಿ ಅತ್ತೆ. ನಾನೊಂದು ಮಾತು ಆಡ್ಲಿಲ್ಲ. ಇದಾದ್ರೂ ಒಳಗೆ ಬರ್ಲಿ. ಬೇಡ ಅಂದ್ರೆ ನಾನು ಹಿಂಗೇ ನಿಂತಿರ್ತೀನಿ."

ಅತ್ತೆ ಹೊಸಿಲು ಬಿಡಲಿಲ್ಲ. ತಂಗಿ ಅಂಗಳ ಬಿಡಲಿಲ್ಲ. ನಡುವೆ ದೀಪ ಉರಿಯುತ್ತಿತ್ತು. ಬಂದವರು ಒಬ್ಬೊಬ್ಬರೇ ದೀಪಕ್ಕೆ ಕೈಮುಗಿದು, ತಂಗಿಯನ್ನು ಸುತ್ತುಬಳಸಿ, ಮೆಲ್ಲಗೆ ಜಾಗ ಖಾಲಿ ಮಾಡಿದರು. ಅವಳ ಮೊಣಕೈ ನಡುಗಲು ಶುರುವಾಯಿತು. ಬಾವುಟ ಭಾರವೇನಲ್ಲ, ಆದರೆ ತೋಳು ಚಾಚಿ ಹಿಡಿದುಕೊಂಡೇ ನಿಂತು ನೋಡಿ, ಗೊತ್ತಾಗುತ್ತದೆ. ನಾನು ಹೋಗಿ ಅವಳ ಮೊಣಕೈಗಳ ಅಡಿಗೆ ನನ್ನ ಕೈ ಕೊಟ್ಟು ನಿಂತೆ. ಹೇಳಲು ಬುದ್ಧಿಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು, ಯಾರಿಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಆಗ ಒಳಗೆ ಮಗು ಎದ್ದು ಅತ್ತಿತು. ಮೊದಲು ಕುಂಯ್ ಎಂದಿತು, ಆಮೇಲೆ ಅಮ್ಮನನ್ನು ಕೂಗಿತು. ತಂಗಿಯ ಇಡೀ ಮೈ ಆ ಕಡೆಗೆ ವಾಲಿತು. ಕಾಲು ಮಾತ್ರ ಕೀಳಲಿಲ್ಲ. ಮಗು ಉಸಿರು ಕಟ್ಟಿ ಅಳತೊಡಗಿತು. ಅತ್ತೆ ಹೋಗಿ ಎತ್ತಿಕೊಳ್ಳಬಹುದಿತ್ತು. ತಾನು ಹೊಸಿಲು ಬಿಟ್ಟರೆ ಸೊಸೆ ಬಂದುಬಿಡುತ್ತಾಳೆ ಎಂದು ಹೆದರಿದರೋ ಏನೋ, ಹೋಗಲಿಲ್ಲ. ಬೆನ್ನ ಹಿಂದೆ ಮೊಮ್ಮಗಳ ಅಳು, ಮುಂದೆ ಸೊಸೆಯ ನಡುಗುವ ಕೈ. ಅವರು ಬಾವುಟವನ್ನೇ ನೋಡುತ್ತಿದ್ದರು.

ಆಮೇಲೆ ಮೆಟ್ಟಿಲಿಳಿದರು. ಸ್ನಾನ ಮಾಡಿದ ಒದ್ದೆ ಕೂದಲಿನಲ್ಲೇ, ದೀಪವನ್ನು ಬಳಸಿಕೊಂಡು ಬಂದು, ತಂಗಿಯ ಮುಂದೆ ನಿಂತರು.

"ಕೊಡಿಲ್ಲಿ" ಎಂದರು.

ತಂಗಿ ಕೊಡಲಿಲ್ಲ. ಎಲ್ಲಿಗೆ ಒಯ್ಯುತ್ತಾರೋ ಎಂಬ ಅನುಮಾನ ಅವಳಿಗೆ, ನನಗೂ.

"ಕೊಡು ಮಗ. ಅವ್ನು ಹುಟ್ದಾಗ್ಲೂ ಮನೆಯೆಲ್ಲ ಮೈಲಿಗೇನೆ. ಯಾರೂ ಮುಟ್ಟಂಗಿರ್ಲಿಲ್ಲ. ನಾನು ಎತ್ಕಳ್ದೆ ಬಿಟ್ನಾ?"

ಹಾಗೆಂದು ಸೆರಗನ್ನು ತೋಳಿನ ಮೇಲೆ ಹರಡಿಕೊಂಡು, ಬಾವುಟದ ಅಡಿಗೆ ಕೈ ತೂರಿಸಿ, ಅದನ್ನು ಎತ್ತಿಕೊಂಡರು. ಎರಡು ಅಂಗೈಗಳ ಮೇಲೆ ಅಲ್ಲ. ಎದೆಗೆ, ಭುಜಕ್ಕೆ ಒರಗಿಸಿಕೊಂಡು, ಚಕ್ರವೆಲ್ಲ ಅವರ ಕುತ್ತಿಗೆಯಲ್ಲಿ ಹುದುಗಿಹೋಗುವ ಹಾಗೆ. ಹಾಗಲ್ಲ ಅತ್ತೆ, ಹೀಗೆ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರು ನಮ್ಮ ಕಡೆ ನೋಡದೆ ತಿರುಗಿದರು. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು, ಯಾರಿಗೆಂದು ಗೊತ್ತಿಲ್ಲ, ಬಹುಶಃ ಒಳಗಿನ ದೇವರಿಗೆ, ಸ್ಪಷ್ಟವಾಗಿ ಹೇಳಿದರು:

"ಕರೆಯೋದಾದ್ರೆ ನನ್ನ ಕರೀಲಿ."

ಬಲಗಾಲಿಟ್ಟು ಹೊಸಿಲು ದಾಟಿದರು.

ಪಾಯಸಕ್ಕೆ ಮುನಿದಿದ್ದ ಮಾವ ಹೆಗಲ ಟವೆಲು ಕೈಗೆ ತೆಗೆದುಕೊಂಡು ನೆಟ್ಟಗೆ ನಿಂತಿದ್ದರು. ನಾನು ಎಷ್ಟೋ ಧ್ವಜವಂದನೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೆಲ್ಯೂಟ್ ಹೊಡೆಸಿದ್ದೇನೆ. ಹೊಡೆಯಬೇಕು ಎಂದು ಕೈ ತಾನಾಗಿಯೇ ಎದ್ದದ್ದು ಆ ದಿನ ಒಂದೇ.

ತಂಗಿ ಬಚ್ಚಲಿಗೆ ಓಡಿದಳು. ನಾನು ಅವಳಿಗೆ ನೀರು ಹುಯ್ದೆ. ತಲೆಯ ಮೇಲೆ ಬಿಸಿನೀರು ಬಿದ್ದ ಮೇಲೆ ಅವಳಿಗೆ ಅಳು ಬಂತು, ಸುದ್ದಿ ಬಂದಾಗಿನಿಂದ ಬರದಿದ್ದ ಅಳು. ಹಂಡೆ ಖಾಲಿಯಾಗುವ ತನಕ ಅತ್ತಳು. ನಾನೂ ತಣ್ಣೀರಲ್ಲೇ ಸ್ನಾನ ಮಾಡಿ ಅವಳ ಹಿಂದೆಯೇ ಒಳಗೆ ಹೋದೆ.

ಅತ್ತೆ ನಡುಮನೆಯ ಕಂಬಕ್ಕೊರಗಿ ಕಾಲು ಚಾಚಿ ಕೂತಿದ್ದರು. ಒಂದು ತೊಡೆಯ ಮೇಲೆ ಅಳು ನಿಲ್ಲಿಸಿದ ಮಗು, ಇನ್ನೊಂದರ ಮೇಲೆ ಬಾವುಟ. ಎರಡರ ಮೇಲೂ ಒಂದೊಂದು ಕೈ. ಮಗು ಕೇಸರಿ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿತ್ತು. ಅತ್ತೆ ತಡೆಯುತ್ತಿರಲಿಲ್ಲ. ಸೊಸೆಯನ್ನು ಕಂಡು ಮಗುವನ್ನು ಮೊದಲು ಕೊಟ್ಟರು. ಅವಳು ಅದನ್ನು ಕಂಕುಳಿಗೆ ಹಾಕಿಕೊಂಡ ಮೇಲೆ, ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವಳು ತೆಗೆದುಕೊಳ್ಳಲು ಹಿಂಜರಿದಳು.

"ನೀವೇ ಇಟ್ಕಳಿ ಅತ್ತೆ. ನಿಮ್ಮ ಮಗ."

ಅತ್ತೆ ಬೇಡವೆಂದು ತಲೆಯಾಡಿಸಿದರು.

"ಅವ್ನನ್ನೂ ಹಿಂಗೇ ತಾನೆ ನಿನ್ ಕೈಗೆ ಕೊಟ್ಟಿದ್ದು" ಎಂದರು. "ತಗೋ."